ನಂಬರಿಗೆ ಏಲಂ, ತಗಡಿಗೆ ಗುಜರಿ

2023ರಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ, ಮಸೀದಿಯ ಏಲಂನಲ್ಲಿ, ಒಂದೇ ಒಂದು ಹಲಸಿನ ಹಣ್ಣು 4.33 ಲಕ್ಷ ರೂಪಾಯಿಗೆ ಹೋಯಿತು. ಸುದ್ದಿ ಓದಿದ ಘಟ್ಟದ ಮೇಲಿನ ಗೆಳೆಯರೊಬ್ಬರು ಫೋನು ಮಾಡಿ, "ನಿಮ್ಮೂರಿನ ಹಲಸಿನಲ್ಲಿ ಚಿನ್ನದ ಸೊಳೆ ಇರುತ್ತದಾ?" ಎಂದು ಕೇಳಿದರು. ನಮಗೆ ಅಂಥ ಆಶ್ಚರ್ಯವೇನೂ ಆಗಿರಲಿಲ್ಲ. ಮಸೀದಿಯಲ್ಲಿ, ಇಗರ್ಜಿಯ ಹಬ್ಬದಲ್ಲಿ, ಶಾರದೋತ್ಸವದ ಪೆಂಡಾಲಿನಲ್ಲಿ ಬಾಳೆಗೊನೆಯನ್ನೋ ತೆಂಗಿನಕಾಯಿಯನ್ನೋ ದೇವಿಗೆ ಉಡಿಸಿದ ಸೀರೆಯನ್ನೋ ಏಲಂ ಕೂಗುವುದನ್ನು ಕೇಳುತ್ತಲೇ ಬೆಳೆದವರು ನಾವು. ಇಬ್ಬರು ಹಟಕ್ಕೆ ಬಿದ್ದರೆ ಬಾಳೆಗೊನೆಯ ರೇಟು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳಲಾಗದು. ಆಗ ಏರುವುದು ಹಣ್ಣಿನ ಬೆಲೆಯಲ್ಲ, ಕೂಗಿದವನ ಹೆಸರಿನ ಬೆಲೆ. ಹಣ ಊರಿನ ಕೆಲಸಕ್ಕೆ ಸೇರುತ್ತದೆ, ಹಣ್ಣನ್ನು ಹತ್ತು ಜನ ಹಂಚಿ ತಿನ್ನುತ್ತಾರೆ.

ಆ ಹಣ್ಣನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವಾಹನದ ಫ್ಯಾನ್ಸಿ ನಂಬರಿನ ವಿಚಾರ ಮಾತಾಡುವಾಗ ಅದು ಬೇಕಾಗುತ್ತದೆ.

ಹೊಸ ಕಾರು, ಹೊಸ ಜೀಪು ತೆಗೆದವರ ಮನೆಗೆ ಹೋದರೆ ಮೊದಲ ಪ್ರಶ್ನೆ ಗಾಡಿ ಯಾವುದು ಎಂಬುದು, ಎರಡನೆಯದು ಎಷ್ಟಾಯಿತು ಎಂಬುದು, ಮೂರನೆಯದು "ನಂಬರ್ ಎಂತ?" ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಬೆಳ್ತಂಗಡಿ ಕಡೆ ಈ ಪ್ರಶ್ನೆ ಹೆಚ್ಚಾಗಿ ಕೇಳಿಬರುತ್ತದೆ. ಉತ್ತರ 4637 ಎಂದಾದರೆ ಮಾತು ಅಲ್ಲಿಗೇ ಮುಗಿಯಿತು. 0999 ಎಂದರೆ ಯಜಮಾನರು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಒರಗಿ, ಅದು ಸಿಕ್ಕಿದ ಕಥೆ ಹೇಳಲು ಶುರು ಮಾಡುತ್ತಾರೆ. ಚಾ ಇನ್ನೊಂದು ಸುತ್ತು ಬರುತ್ತದೆ. ನಾನು ಇಂಥ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ. ಪ್ರತಿ ಕಥೆಯಲ್ಲೂ ಒಬ್ಬ ಪ್ರತಿಸ್ಪರ್ಧಿ ಇರುತ್ತಾನೆ, ಪ್ರತಿ ಕಥೆಯಲ್ಲೂ ಕೊಟ್ಟ ಹಣ ಒಂದೋ ನಿಜಕ್ಕಿಂತ ಹೆಚ್ಚು, ಇಲ್ಲವೇ, ಮನೆಯವರು ಹತ್ತಿರವಿದ್ದರೆ, ನಿಜಕ್ಕಿಂತ ಕಡಿಮೆ.

ವ್ಯವಸ್ಥೆ ಇರುವುದು ಹೀಗೆ. ಈಗಿನ ನಂಬರು ಪದ್ಧತಿ 1988ರ ಮೋಟಾರು ವಾಹನ ಕಾಯ್ದೆಯದು. ಅದು 1989ರ ಜುಲೈ 1ರಿಂದ ಜಾರಿಗೆ ಬಂತು. ಮೊದಲು ರಾಜ್ಯದ ಎರಡಕ್ಷರ, ಆಮೇಲೆ ಕಚೇರಿಯ ಅಂಕೆ, ಸರಣಿಯ ಅಕ್ಷರ, ಕೊನೆಗೆ 0001ರಿಂದ 9999ರ ವರೆಗಿನ ಸಂಖ್ಯೆ. ಮಂಗಳೂರಿಗೆ 19, ಉಡುಪಿಗೆ 20, ಪುತ್ತೂರಿಗೆ 21, ಬಂಟ್ವಾಳಕ್ಕೆ ತೀರ ಈಚೆಗೆ ಸಿಕ್ಕಿದ್ದು 70. ಸರಣಿಯ ಅಕ್ಷರದಲ್ಲೂ ಕರ್ನಾಟಕದಲ್ಲಿ ಒಂದು ಗುಟ್ಟಿದೆ: ಕಾರುಗಳದು ಬಹುತೇಕ ಎಂ, ಎನ್, ಪಿ ಎಂದು ಶುರುವಾಗುತ್ತದೆ, ಸರಕಾರಿ ಸಾರಿಗೆ ಬಸ್ಸಿನದು ಎಫ್, ಸರಕಾರಿ ಇಲಾಖೆಯ ಜೀಪಿನದು ಜಿ. ಮೊದಲ ಆರು ಮನೆಗಳೂ ಹೀಗೆ ಸರಕಾರದ ಕೈಯಲ್ಲೇ ಇರುವುದರಿಂದ ಮನುಷ್ಯನ ಆಸೆಗೆ ಉಳಿದದ್ದು ಕೊನೆಯ ನಾಲ್ಕು ಮನೆ ಮಾತ್ರ. ಹೊಸ ಸರಣಿ ತೆರೆದಾಗ ಎದ್ದು ಕಾಣುವ ಸಂಖ್ಯೆಗಳನ್ನು ಸಾರಿಗೆ ಇಲಾಖೆ ಹರಾಜಿಗೆ ಇಡುತ್ತದೆ. ಹರಾಜಿನ ತನಕ ಹೋಗದ, ಮಗಳ ಹುಟ್ಟಿದ ದಿನವೋ ಮದುವೆಯ ವರ್ಷವೋ ಬೇಕೆನ್ನುವ ಸಣ್ಣ ಆಸೆಯವರಿಗೆ ನಿಗದಿತ ಶುಲ್ಕದ ದಾರಿ ಇದೆ. ಶುಲ್ಕ ಕಟ್ಟದವರಿಗೆ ಸರದಿಯಲ್ಲಿ ಬಂದದ್ದೇ ಪಾಲಿಗೆ ಬಂದದ್ದು.

ಇಲ್ಲಿ ಗಮನಿಸಬೇಕಾದ ವಿಷಯ ಒಂದುಂಟು. ನಮ್ಮಲ್ಲಿ ನಂಬರು ಗಾಡಿಯದ್ದು, ಯಜಮಾನನದ್ದಲ್ಲ. ಗಾಡಿ ಮಾರಿದರೆ ನಂಬರೂ ಅದರ ಬೆನ್ನಿಗೇ ಹೋಗುತ್ತದೆ. ದೆಹಲಿ, ಗುಜರಾತಿನಂಥ ಕೆಲವು ಕಡೆ ಹಳೆಯ ಗಾಡಿಯ ನಂಬರನ್ನು ಹೊಸದಕ್ಕೆ ಉಳಿಸಿಕೊಳ್ಳುವ ಅವಕಾಶ ಮಾಡಿಕೊಟ್ಟಿದ್ದಾರೆ. ಅಲ್ಲಿಯೂ ನಂಬರಿಗೆ ಗಾಡಿಯೊಂದು ಬೇಕೇ ಬೇಕು. ಪೆಟ್ಟಿಗೆಯಲ್ಲಿ ನಾಣ್ಯ ಕೂಡಿಟ್ಟ ಹಾಗೆ ನಂಬರು ಕೂಡಿಡಲು ಬರುವುದಿಲ್ಲ. ಹಾಗಾದರೆ ನಮ್ಮಲ್ಲಿ ನಂಬರು ಸಂಗ್ರಹಿಸುವವರು ಯಾರು? ಅದಕ್ಕೆ ಉತ್ತರ ಹುಡುಕುವ ಮೊದಲು ಸಂಗ್ರಹ ಸಾಧ್ಯವಿರುವ ಕಡೆ ಏನಾಗಿದೆ ನೋಡೋಣ.

ಇಂಗ್ಲೆಂಡಿನಲ್ಲಿ ವಾಹನಕ್ಕೆ ನಂಬರು ಕಡ್ಡಾಯವಾದದ್ದು 1903ರ ಕಾಯ್ದೆಯಿಂದ. ಲಂಡನ್ನಿನ ಮೊದಲ ನಂಬರಾದ ಎ1ಕ್ಕಾಗಿ ಅರ್ಲ್ ರಸೆಲ್ ರಾತ್ರಿಯಿಡೀ ಸಾಲಿನಲ್ಲಿ ನಿಂತಿದ್ದ ಎಂಬ ಕಥೆ ಇದೆ. ಅಂದರೆ ನಂಬರು ಹುಟ್ಟಿದ ದಿನವೇ ನಂಬರಿನ ಹುಚ್ಚೂ ಹುಟ್ಟಿತು. 1989ರಿಂದ ಅಲ್ಲಿನ ಸರಕಾರವೇ ಅಂಗಡಿ ತೆರೆದು ಬೇಕಾದ ಅಕ್ಷರ-ಅಂಕೆಗಳನ್ನು ಮಾರಲು ಕೂತಿತು. ಅಲ್ಲಿ ನಂಬರನ್ನು ಗಾಡಿಯಿಂದ ಬಿಡಿಸಿ ಕಾಗದದ ಮೇಲೆ ಇಟ್ಟುಕೊಳ್ಳಬಹುದು, ಮಗನಿಗೆ ಬಿಟ್ಟುಹೋಗಬಹುದು, ಮಾರಬಹುದು. ಅಕ್ಷರ ಸೇರಿಸಿ ಹೆಸರು ಬರೆಸಲು ಬರುವುದರಿಂದ ಅಲ್ಲಿನ ಭಾರತೀಯರೂ ಹಿಂದೆ ಬಿದ್ದಿಲ್ಲ. 'ಕೃಷ್ಣ' ಎಂದು ಓದಿಸಿಕೊಳ್ಳುವ ಪ್ಲೇಟೊಂದು 2015ರಲ್ಲಿ ಎರಡು ಲಕ್ಷ ಪೌಂಡಿಗೂ ಮೇಲಕ್ಕೆ ಹೋಯಿತು. 2014ರಲ್ಲಿ '25 ಓ' ಎಂಬುದಕ್ಕೆ 5 ಲಕ್ಷ 18 ಸಾವಿರ ಪೌಂಡು ಬಿತ್ತು. ಅದನ್ನು ಕೊಂಡವರು ಫೆರಾರಿ 250 ಎಂಬ ಹಳೆಯ ಕಾರಿನ ಭಕ್ತರು. ನೇತ್ರಾವತಿ ದಂಡೆಯಲ್ಲಿ ಅಷ್ಟು ಹಣಕ್ಕೆ ಒಳ್ಳೆಯ ತೋಟವೇ ಬರುತ್ತದೆ.

ಅಮೆರಿಕದ ಡೆಲವೇರ್ ಎಂಬ ಪುಟ್ಟ ರಾಜ್ಯದ ಕಥೆ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಚಿಕ್ಕ ಅಂಕೆಯ ನಂಬರು ಮನೆತನದ ಆಸ್ತಿ. ಅಜ್ಜನ ಎರಡಂಕಿ ನಂಬರು ಮೊಮ್ಮಗನ ಕಾರಿಗೆ ಬರುತ್ತದೆ, ಆಸ್ತಿ ಪಾಲಾಗುವಾಗ ಅದಕ್ಕೂ ಒಬ್ಬ ವಾರಸುದಾರ ಬೇಕು. 2008ರಲ್ಲಿ ಅಲ್ಲಿ '6' ಎಂಬ ನಂಬರು 6 ಲಕ್ಷ 75 ಸಾವಿರ ಡಾಲರಿಗೆ ಮಾರಾಟವಾಯಿತು. ನಮ್ಮ ಕಡೆ ಗುತ್ತು-ಬರ್ಕೆ ಎಂಬ ಹಳೆಯ ಮನೆತನಗಳ ಹೆಸರಿಗೆ ಇರುವ ತೂಕ ಅಲ್ಲಿ ಆ ಒಂದಂಕಿಗೆ.

ಗಲ್ಫಿನದು ನಮಗೆ ದೂರದ ಸುದ್ದಿಯಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳ ಟೆರೇಸು ಎದ್ದದ್ದೇ ದುಬೈ, ಕುವೈತ್, ಬಹರೈನಿನ ದುಡಿಮೆಯಿಂದ. ಅಬುಧಾಬಿಯಲ್ಲಿ 2008ರಲ್ಲಿ '1' ಎಂಬ ನಂಬರಿಗೆ 5 ಕೋಟಿ 22 ಲಕ್ಷ ದಿರ್ಹಮ್, ದುಬೈಯಲ್ಲಿ 2023ರಲ್ಲಿ 'ಪಿ 7'ಕ್ಕೆ 5 ಕೋಟಿ 50 ಲಕ್ಷ ದಿರ್ಹಮ್. ಎರಡನೆಯ ಹಣ ಹಸಿದವರಿಗೆ ಊಟ ಕೊಡುವ ಯೋಜನೆಗೆ ಹೋಯಿತು. ಹಾಂಕಾಂಗಿನಲ್ಲಿಯೂ 1973ರಿಂದ ನಡೆದುಬಂದ ನಂಬರು ಹರಾಜಿನ ಹಣ ದಾನಧರ್ಮದ ನಿಧಿಗೆ ಸೇರುತ್ತದೆ. ಮೂಲರಪಟ್ಣದ ಹಲಸು ಇಲ್ಲಿ ನೆನಪಾಗಬೇಕು. ದುಬೈಯ ಶೇಖ ಮತ್ತು ನಮ್ಮ ಊರಿನ ಏಲಂ ಕೂಗುವವ ಮಾಡುವುದು ಒಂದೇ ಕೆಲಸ: ನಾಲ್ಕು ಜನರೆದುರು ಕೈ ಎತ್ತುವುದು, ದಾನದ ನೆರಳಿನಲ್ಲಿ ಹೆಸರು ಮಾಡುವುದು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ನಮ್ಮ ದೇಶದ ಅಂಕಿ ಅಷ್ಟು ದೊಡ್ಡದಲ್ಲ, ಆದರೆ ಏರುತ್ತಿರುವ ವೇಗ ದೊಡ್ಡದು. ಚಂಡೀಗಢದಲ್ಲಿ 2022ರಲ್ಲಿ ಒಬ್ಬರು 0001ಕ್ಕೆ 15.44 ಲಕ್ಷ ಕೊಟ್ಟರು. ಅದನ್ನು ಹಾಕಿಸಲು ಹೊರಟದ್ದು ಸುಮಾರು 71 ಸಾವಿರದ ಸ್ಕೂಟರಿಗೆ. ಪಕ್ಕದ ಕೇರಳದಲ್ಲಿ, ಎರ್ನಾಕುಲಂ ಕಚೇರಿಯ 0007, 2025ರ ಏಪ್ರಿಲಿನಲ್ಲಿ 45.99 ಲಕ್ಷಕ್ಕೆ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಹರಿಯಾಣದಲ್ಲಿ 'ಎಚ್‌ಆರ್ 88 ಬಿ 8888' ಎಂಬುದಕ್ಕೆ 1.17 ಕೋಟಿಯ ಬಿಡ್ ಬಿತ್ತು. ಇಂಗ್ಲಿಷಿನ ಬಿ ಅಕ್ಷರವೂ ದೂರದಿಂದ ಎಂಟರಂತೆ ಕಾಣುವುದರಿಂದ ಅದು ಎಂಟರ ಮಾಲೆ. ಆದರೆ ಕೂಗಿದವರು ಹಣ ಕಟ್ಟಲಿಲ್ಲ. ಅಲ್ಲಿನ ಸಾರಿಗೆ ಸಚಿವರು, ಅಷ್ಟು ಹಣ ಕೂಗುವ ಶಕ್ತಿ ಆತನಿಗೆ ಇದೆಯೇ ಎಂದು ತನಿಖೆ ಮಾಡಿಸಿ ಎಂದರು. ನಮ್ಮ ಏಲಂಗಳಲ್ಲಿ ಇದು ನಡೆಯುವುದಿಲ್ಲ ಬಿಡಿ. ಬಾಳೆಗೊನೆ ಕೂಗಿ ಹಣ ಕಟ್ಟದೆ ತಪ್ಪಿಸಿಕೊಂಡವನಿಗೆ ಮರುವರ್ಷ ಆ ಪೆಂಡಾಲಿನಲ್ಲಿ ಕುರ್ಚಿ ಸಿಗದು. ಆನ್‌ಲೈನ್ ಹರಾಜಿನಲ್ಲಿ ಯಾರ ಎದುರು ಯಾರು ಕೂಗುತ್ತಿದ್ದಾರೆ ಎಂದೇ ಗೊತ್ತಾಗುವುದಿಲ್ಲ. ಮುಖವಿಲ್ಲದ ಹರಾಜಿನಲ್ಲಿ ಮುಖ ಕಳೆದುಕೊಳ್ಳುವ ಭಯವೂ ಇಲ್ಲ.

ಎಂಟರ ಮಾತು ಬಂತಲ್ಲ, ಅಲ್ಲೊಂದು ತಮಾಷೆ ಇದೆ. ಚೀನೀಯರಿಗೆ ಎಂಟು ಐಶ್ವರ್ಯ. ಹರಿಯಾಣದಲ್ಲಿ ಅದಕ್ಕೆ ಕೋಟಿ. ನಮ್ಮಲ್ಲಿ ಎಂಟು ಎಂದರೆ ಶನಿ. ನಂಬರು ಕೈಗೆ ಬಂದ ಕೂಡಲೇ ನಾಲ್ಕೂ ಅಂಕೆ ಕೂಡಿಸಿ, ಎರಡಂಕಿ ಬಂದರೆ ಮತ್ತೆ ಕೂಡಿಸಿ, "ಟೋಟಲ್ ಎಷ್ಟು?" ಎಂದು ನೋಡುವುದು ರೂಢಿ. ಒಂಬತ್ತು ಬಂದರೆ ಸಮಾಧಾನ, ಎಂಟು ಬಂದರೆ ಮನೆಯ ಹಿರಿಯರ ಮುಖ ಇಳಿಯುತ್ತದೆ. ನನ್ನ ಪರಿಚಯದ ಒಬ್ಬರು ಟೋಟಲ್ ಎಂಟು ಬಂದ ಸ್ಕೂಟರಿನಲ್ಲಿ ಹದಿನೇಳು ವರ್ಷ ಓಡಾಡಿದರು, ಒಂದು ಗೀರೂ ಬೀಳಲಿಲ್ಲ. ಆಮೇಲೆ ಟೋಟಲ್ ಒಂಬತ್ತರ ಕಾರು ಕೊಂಡು ಎರಡನೇ ವಾರದಲ್ಲೇ ಮನೆಯ ಗೇಟಿಗೆ ಗುದ್ದಿದರು. ಅವರು ಈಗಲೂ ಒಂಬತ್ತನ್ನೇ ನಂಬುತ್ತಾರೆ, ಗೇಟಿನ ವಾಸ್ತು ಸರಿ ಇರಲಿಲ್ಲವಂತೆ.

ನಂಬಿಕೆಯ ಅಂಕೆಗಳು ಒಂದೊಂದು ಮನೆಗೆ ಒಂದೊಂದು. ಬಂಟ್ವಾಳದ ಬ್ಯಾರಿ ಮನೆಗಳಲ್ಲಿ 786ಕ್ಕೆ ಇರುವ ಗೌರವ ಎಲ್ಲರಿಗೂ ಗೊತ್ತು. ನೋಟಿನ ಮೇಲೆ ಆ ಅಂಕೆ ಕಂಡರೂ ಖರ್ಚು ಮಾಡದೆ ಇಡುವವರಿದ್ದಾರೆ. 108 ಹಿಂದೂಗಳಿಗೂ ಜೈನರಿಗೂ ಜಪಮಾಲೆಯ ಲೆಕ್ಕ. ಹದಿನೆಂಟು ಬಸದಿಗಳ ಊರು ಮೂಡುಬಿದಿರೆಯಲ್ಲಿ, 1430ರ ಸಾವಿರ ಕಂಬದ ಬಸದಿಯ ನೆರಳಿನಲ್ಲಿ, 24ಕ್ಕೂ ತೀರ್ಥಂಕರರ ಲೆಕ್ಕದ ಬೆಲೆ ಇದೆ. ಇವುಗಳ ಜೊತೆಗೆ ಸಿನಿಮಾದ ನಂಬಿಕೆ ಬೇರೆ. ಗಡಿಯಾಚೆ ಕಾಸರಗೋಡಿನ ಹುಡುಗರಿಗೆ 369 ಎಂದರೆ ಮಮ್ಮೂಟ್ಟಿಯ ಕಾರು, 2255 ಎಂದರೆ ಮೋಹನ್‌ಲಾಲ್. ಎರಡನೆಯದು 1986ರ 'ರಾಜಾವಿಂಡೆ ಮಗನ್' ಚಿತ್ರದಲ್ಲಿ ನಾಯಕ ಹೇಳುವ ಫೋನು ನಂಬರು. ಒಂದು ಡೈಲಾಗು ನಾಲ್ಕು ದಶಕ ದಾಟಿ ಇಂದಿಗೂ ಪ್ಲೇಟಿನ ಮೇಲೆ ಓಡಾಡುತ್ತಿದೆ ಎಂದರೆ ಅಂಕೆಗೆ ಅಂಟುವ ನೆನಪು ಎಷ್ಟು ಗಟ್ಟಿ ನೋಡಿ.

ಹರಾಜಿಗೆ ದುಡ್ಡಿಲ್ಲದ, ಆದರೆ ಶೋಕಿಗೆ ಕೊರತೆ ಇಲ್ಲದ ಹುಡುಗರಿಗೆ ಇನ್ನೊಂದು ದಾರಿ ಇತ್ತು: ರೇಡಿಯಂ ಅಂಗಡಿ. ಬಿ.ಸಿ. ರೋಡಿನಂಥ ಪೇಟೆಯಲ್ಲಿ ಫ್ಲೈಓವರಿನ ಆಚೀಚೆ ಇಂಥ ಒಂದೆರಡು ಅಂಗಡಿಗಳು ಯಾವಾಗಲೂ ಇರುತ್ತವೆ. ಅಂಥ ಒಂದು ಅಂಗಡಿಯ ಬಾಗಿಲಿನಲ್ಲಿ ನಾನು ಅರ್ಧ ದಿನ ಕೂತದ್ದುಂಟು. ಒಬ್ಬ ಹುಡುಗ ಬೈಕಿನ ಪ್ಲೇಟು ತಂದ. ನಂಬರು 8055. ಎಂಟನ್ನು ಬಿ ಮಾಡಿ, ಸೊನ್ನೆಯನ್ನು ಓ ಮಾಡಿ, ಎರಡು ಐದನ್ನು ಎಸ್ಸಿನ ಹಾಗೆ ಬಗ್ಗಿಸಿದರೆ 'ಬಾಸ್' ಎಂದಾಗುತ್ತದೆ. ಅಂಗಡಿಯವರು ಕೆಂಪು ಹಾಳೆಯನ್ನು ಗಾಜಿನ ಮೇಲೆ ಹಾಸಿ, ಬ್ಲೇಡಿನ ತುದಿಯಿಂದ ಐದರ ಮೂಲೆಯನ್ನು ಎಷ್ಟು ನಯವಾಗಿ ತಿರುಗಿಸಿದರೆಂದರೆ, ಪೊಲೀಸ್ ನೋಡಿದರೆ ಐದು, ಗೆಳೆಯರು ನೋಡಿದರೆ ಎಸ್. ಉತ್ತರದ ಕಡೆ ದೇವನಾಗರಿಯ 'ರಾಮ' ಕಾಣುವ ಹಾಗೆ 214 ಬರೆಸುವವರಿದ್ದಾರೆ. ಕನ್ನಡದ ದುಂಡು ಅಂಕೆಗಳಿಗೆ ಈ ಸರ್ಕಸ್ಸು ಅಷ್ಟಾಗಿ ಒಗ್ಗಲಿಲ್ಲ. ಕನ್ನಡದವರ ಶೋಕಿ ಬೇರೆ, ಇಡೀ ನಂಬರನ್ನೇ ೧೯, ೨೧ ಎಂದು ಕನ್ನಡದಲ್ಲಿ ಬರೆಸುವುದು. ಕಾನೂನು ಒಪ್ಪುವುದು ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕೆಯನ್ನು ಮಾತ್ರ. ಕಾರಿನ ಪ್ಲೇಟಿನಲ್ಲಿ ಅಕ್ಷರದ ಎತ್ತರ 65 ಮಿಲಿಮೀಟರು, ದಪ್ಪ 10, ನಡುವಿನ ಜಾಗ 10 ಎಂದು ಅಳತೆಯನ್ನೂ ಕೊಟ್ಟಿದೆ. ಕನ್ನಡದ ಅಂಕೆ ಬರೆಸಿ ದಂಡ ಕಟ್ಟಿದವರ ಬಗ್ಗೆ ನನಗೆ ಒಳಗೊಳಗೇ ಪ್ರೀತಿ ಇದೆ. ಬಾಸ್‌ಗಳ ಬಗ್ಗೆ ಇಲ್ಲ. ಗುದ್ದಿ ಓಡಿಹೋದ ಗಾಡಿಯ ನಂಬರನ್ನು ರಸ್ತೆ ಬದಿಯ ಅಜ್ಜಿ ಓದಬೇಕಾದಾಗ ಶೋಕಿಯ ಐದು ಐದಾಗಿ ಕಾಣುವುದಿಲ್ಲ.

ಈ ಕಲೆಗೆ ಕೊನೆ ಹಾಡಿದ್ದು ಎಚ್‌ಎಸ್‌ಆರ್‌ಪಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಈ ಅತಿ ಸುರಕ್ಷಿತ ಪ್ಲೇಟಿನೊಂದಿಗೇ ಬರುತ್ತವೆ: ಅಲ್ಯೂಮಿನಿಯಂ ತಗಡು, ಮೂಲೆಯಲ್ಲಿ ಅಶೋಕಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಹಾಕಿದರೆ ಒಡೆಯದೆ ತೆಗೆಯಲಾಗದ ಲಾಕು. ಅದಕ್ಕಿಂತ ಹಳೆಯ ಗಾಡಿಗಳಿಗೂ ಇದೇ ಬೇಕೆಂದು ಕರ್ನಾಟಕ ಸರಕಾರ 2023ರ ಆಗಸ್ಟಿನಲ್ಲಿ ಆದೇಶ ಹೊರಡಿಸಿತು. ಮೊದಲ ಗಡುವು ಆ ವರ್ಷದ ನವೆಂಬರ್ 17, ಆಮೇಲೆ ಅದು ಮುಂದಕ್ಕೆ ಹೋದದ್ದು ಎಷ್ಟು ಸಲ ಎಂಬ ಲೆಕ್ಕ ಜನರಿಗೂ ತಪ್ಪಿತು. ರೇಡಿಯಂ ಅಂಗಡಿಯವರು ಈಗ ನಂಬರು ಕತ್ತರಿಸುವುದು ಅಪರೂಪ. ಕತ್ತರಿಸುವುದು ದೈವದೇವರ ಹೆಸರು: ಸ್ವಾಮಿ ಕೊರಗಜ್ಜ, ಕಟೀಲು ಶ್ರೀ ದುರ್ಗಾಪರಮೇಶ್ವರಿ, ಶ್ರೀ ಮಂಜುನಾಥ, ಅಪ್ಪ-ಅಮ್ಮನ ಆಶೀರ್ವಾದ.

ಇದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳ ಸ್ವಭಾವಕ್ಕೆ ತಕ್ಕದ್ದೇ ಎನ್ನಬೇಕು. ನಿಜ ಹೇಳಬೇಕೆಂದರೆ ಇಲ್ಲಿ ಯಾರೂ ಯಾರನ್ನೂ ನಂಬರಿನಿಂದ ಗುರುತಿಸುವುದಿಲ್ಲ, ಗುರುತಿಸುವುದು ಹೆಸರಿನಿಂದ. ಖಾಸಗಿ ಬಸ್ಸಿನ ಊರು ಇದು. ಎದುರಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಹೆಸರೇ ಬಸ್ಸಿನ ಹೆಸರು. "ಏಳೂವರೆಯದ್ದು ಹೋಯಿತಾ?" ಎಂದು ಸಮಯದಿಂದ ಕೇಳುತ್ತಾರೆ, ಇಲ್ಲವೇ ಬಸ್ಸಿನ ಹೆಸರಿನಿಂದ. ಅದರ ಪ್ಲೇಟಿನಲ್ಲಿ ಏನಿದೆ ಎಂದು ಇಪ್ಪತ್ತು ವರ್ಷ ಅದೇ ಬಸ್ಸಿನಲ್ಲಿ ಶಾಲೆಗೆ ಹೋದ ಟೀಚರಿಗೂ ಗೊತ್ತಿರುವುದಿಲ್ಲ. ಮೂಡುಬಿದಿರೆ ಒಂಟಿಕಟ್ಟೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವಾಗ ಮೈಕಿನಲ್ಲಿ ಕೇಳಿಬರುವುದು ಮನೆಯ ಹೆಸರು, ಯಜಮಾನರ ಹೆಸರು. ಒಬ್ಬರದೇ ಎರಡು ಜೋಡಿ ಒಂದೇ ವಿಭಾಗದಲ್ಲಿ ಇಳಿದರೆ ಮಾತ್ರ ಹೆಸರಿನ ಕೊನೆಗೆ 'ಎ', 'ಬಿ' ಎಂದು ಸೇರಿಸುತ್ತಾರೆ. ಸಂಖ್ಯೆಗೆ ಅಲ್ಲಿ ಜಾಗ ಇರುವುದು ಸೆಕೆಂಡು ಎಣಿಸುವಲ್ಲಿ ಮಾತ್ರ.

ಹಾಗಿದ್ದೂ ಫ್ಯಾನ್ಸಿ ನಂಬರಿಗೆ ಯಾಕೆ ಗಿರಾಕಿ? ಹೆಸರು ಗೊತ್ತಿಲ್ಲದ ಕಡೆ ಹೋಗುವಾಗ ಅದು ಬೇಕಾಗುತ್ತದೆ ಎಂದು ನನ್ನ ಲೆಕ್ಕ. ಪುಂಜಾಲಕಟ್ಟೆಯಲ್ಲಿ ಯಾರ ಮಗ ಎಂದು ಎಲ್ಲರಿಗೂ ಗೊತ್ತಿರುವವ ಮಂಗಳೂರಿನ ಮಾಲಿನ ಪಾರ್ಕಿಂಗಿನಲ್ಲಿ, ಬೆಂಗಳೂರಿನ ಸಿಗ್ನಲಿನಲ್ಲಿ ಯಾರೂ ಅಲ್ಲ. ಅಲ್ಲಿ 9999 ಅವನ ಪರವಾಗಿ ಮಾತಾಡುತ್ತದೆ. ನಿಜವಾದ ಸಂಗ್ರಹಕಾರರು ಇರುವುದೂ ಇಲ್ಲೇ. ಜೀಪು, ಕಾರು, ಹೆಂಡತಿಯ ಸ್ಕೂಟರು, ಅಂಗಡಿಯ ಪಿಕಪ್ಪು ಎಲ್ಲದಕ್ಕೂ ಒಂದೇ ನಾಲ್ಕು ಅಂಕೆ ತೆಗೆದುಕೊಂಡವರ ಮನೆಗಳಿವೆ. ಕಚೇರಿ ಬೇರೆ, ಸರಣಿ ಬೇರೆ, ಕೊನೆಯ ನಾಲ್ಕು ಮಾತ್ರ ಒಂದೇ. ಅಂಗಳದಲ್ಲಿ ಅವು ಸಾಲಾಗಿ ನಿಂತರೆ ಒಂದೇ ಯೂನಿಫಾರಂ ಹಾಕಿದ ಮಕ್ಕಳ ಹಾಗೆ. ನಂಬರನ್ನು ಗಾಡಿಯಿಲ್ಲದೆ ಇಟ್ಟುಕೊಳ್ಳಲು ಬಾರದ ದೇಶದಲ್ಲಿ ನಂಬರು ಸಂಗ್ರಹಿಸಬೇಕಾದರೆ ಗಾಡಿಗಳನ್ನೇ ಸಂಗ್ರಹಿಸಬೇಕು. ಇದು ದುಬಾರಿ ಹವ್ಯಾಸ. ಖಜಾನೆಗೆ ಲಾಭ, ಯಾರಿಗೂ ನಷ್ಟವಿಲ್ಲ. ಅಹಂಕಾರದ ಮೇಲೆ ತಾನಾಗಿಯೇ ಒಪ್ಪಿ ಕಟ್ಟುವ ತೆರಿಗೆ ಇನ್ಯಾವುದಿದೆ? ನನ್ನ ತಕರಾರು ಒಂದೇ: ಹೀಗೆ ಬಂದ ಹಣ ಎಲ್ಲಿ ಕರಗಿತೆಂದು ಊರಿನವರಿಗೆ ತಿಳಿಯುವುದಿಲ್ಲ. ಬಂಟ್ವಾಳದ ಸರಣಿಯ 0001ರಿಂದ ಬಂದದ್ದು ಬಂಟ್ವಾಳದ ಒಂದು ಅಪಾಯದ ತಿರುವಿಗೆ ಕನ್ನಡಿ ಹಾಕಿಸಿತು ಎಂದಾದರೆ, ಅದೇ ತಿರುವಿನಲ್ಲಿ ಕೂಗಿದವರ ಹೆಸರಿನ ಬೋರ್ಡೂ ಇರಲಿ. ಏಲಂನ ಮರ್ಯಾದೆ ಅದು.

ಖರ್ಚಿಲ್ಲದ ಸಂಗ್ರಹವೂ ಒಂದಿತ್ತು, ಅದು ಮಕ್ಕಳದ್ದು. ತೊಂಬತ್ತರ ದಶಕದ ಆರಂಭದಲ್ಲಿ ಕೆಎ ನಂಬರು ಇನ್ನೂ ಹೊಸತು. ಉಜಿರೆಯಿಂದ ಧರ್ಮಸ್ಥಳಕ್ಕೆ ಹೋಗುವ ರಸ್ತೆಯ ಬದಿ, ಮೋರಿಯ ಕಟ್ಟೆಯ ಮೇಲೆ ಕೂತು ನಾವು ಯಾತ್ರಿಕರ ಗಾಡಿಗಳ ನಂಬರು ಹಿಡಿಯುತ್ತಿದ್ದೆವು. ಕೋಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದರಿಂದ ಸಂಖ್ಯೆ ಬರೆದು, ಕಂಡದ್ದಕ್ಕೆ ಅಡ್ಡಗೆರೆ. 13 ಹಾಸನ, 11 ಮಂಡ್ಯ, 6 ತುಮಕೂರು, 18 ಚಿಕ್ಕಮಗಳೂರು, ಇವು ಚಾರ್ಮಾಡಿ, ಶಿರಾಡಿ ಇಳಿದು ದಿನವೂ ಬರುತ್ತಿದ್ದವು, ಅದಕ್ಕೆ ಬೆಲೆ ಇಲ್ಲ. 25 ಧಾರವಾಡ, 22 ಬೆಳಗಾವಿ ಶಿವರಾತ್ರಿಗೆ, ಲಕ್ಷದೀಪಕ್ಕೆ ಖಂಡಿತ. 36 ರಾಯಚೂರು, 32 ಕಲಬುರಗಿ ಸಿಕ್ಕಿದರೆ ಹಬ್ಬ. 38 ಬೀದರ್ ಬೇಕಾದರೆ ಬೇಸಗೆ ರಜೆಯಿಡೀ ಕಾಯಬೇಕು. ನಮ್ಮಲ್ಲೊಬ್ಬ 38 ಕಂಡೆ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದ. ಗಾಡಿ ಯಾವುದು ಎಂದು ಕೇಳಿದಾಗ 'ಗೌರ್ಮೆಂಟ್ ಬಸ್' ಎಂದ, ಸರಣಿ ಅಕ್ಷರ ಕೇಳಿದರೆ ಎಫ್ ಎನ್ನಲು ಅವನಿಗೆ ಗೊತ್ತಿರಲಿಲ್ಲ. ಕರ್ನಾಟಕದ ಜಿಲ್ಲೆಗಳನ್ನು ನಾನು ಕಲಿತದ್ದು ಭೂಪಟದಿಂದಲ್ಲ, ಆ ಮೋರಿಯಿಂದ. ಈಗ ಪಟ್ಟಿ ಎಪ್ಪತ್ತಕ್ಕೆ ಮುಟ್ಟಿದೆ, ಊರೂರಿಗೆ ಒಂದೊಂದು ಸಂಖ್ಯೆ. ಬೆಳ್ತಂಗಡಿಯ ರಸ್ತೆಯಲ್ಲಿ 19, 21, 70 ಮೂರೂ ಓಡಾಡುತ್ತವೆ. ಮೂಡುಬಿದಿರೆಯಲ್ಲಿ 19ರ ಜೊತೆಗೆ ಕಾರ್ಕಳ ಕಡೆಯ 20, ಕಾಲೇಜು ಮಕ್ಕಳು ತಂದ ಎಲ್ಲೆಲ್ಲಿಯದೋ ನಂಬರು. 2021ರಲ್ಲಿ ಬಂದ ಬಿಎಚ್ ಸರಣಿಯಲ್ಲಂತೂ ರಾಜ್ಯವೇ ಇಲ್ಲ. ಮೋರಿ ಇದೆ. ಕೂತು ಎಣಿಸುವ ಮಕ್ಕಳನ್ನು ನಾನು ನೋಡಿಲ್ಲ.

ಇನ್ನು ಉಳಿದದ್ದು ತಗಡು. ಅಮೆರಿಕದಲ್ಲಿ ಹಳೆಯ ಪ್ಲೇಟು ಸಂಗ್ರಹಿಸುವವರ ಸಂಘ 1954ರಲ್ಲೇ ಹುಟ್ಟಿತು. ಯಾವ ವರ್ಷ ಯಾವ ಬಣ್ಣ, ಯಾವ ಜೈಲಿನಲ್ಲಿ ಅಚ್ಚಾದದ್ದು ಎಂದು ಅವರು ಹೇಳಬಲ್ಲರು. ನಮ್ಮ ಜಿಲ್ಲೆಯ ತಗಡಿಗೆ ಅದಕ್ಕಿಂತ ದೊಡ್ಡ ಕಥೆ ಇದೆ. 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಮದ್ರಾಸಿನದು, ಬಂಟ್ವಾಳದ ಗಾಡಿಯ ಮೇಲಿದ್ದದ್ದು ಮದ್ರಾಸಿನ ಅಕ್ಷರ. ಆಮೇಲೆ ಮೈಸೂರಿನ ಎಂವೈ. ಮುಂದೆ ಸಿಎ, ಸಿಎನ್ ಎಂದು ಆರಂಭವಾಗುವ ಮೂರಕ್ಷರದ ನಂಬರುಗಳು, ಕೊನೆಗೆ ಕೆಎ. ಭಾಷಾವಾರು ಪ್ರಾಂತ್ಯ ಆದದ್ದು, ರಾಜ್ಯಕ್ಕೆ ಹೆಸರು ಬದಲಾದದ್ದು, ಎರಡರ ಗುರುತೂ ಒಂದೊಂದು ತಗಡಿನ ಮೇಲಿದೆ. ಕೇಂದ್ರ ಸರಕಾರ 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನಿಯಮ ತಂದಾಗ ಈ ಮರ್ಯಾದೆಯನ್ನು ಸ್ವಲ್ಪ ಉಳಿಸಿತು: ಹೊಸದಾಗಿ ನೋಂದಾಯಿಸುವವಕ್ಕೆ 'ವಿಎ' ಎಂಬ ಪ್ರತ್ಯೇಕ ಗುರುತು, ಮೊದಲೇ ನೋಂದಣಿ ಇರುವವು ತಮ್ಮ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದವರು ಕಾರುಗಳ ಹೊಳಪು ನೋಡಿ, ಎದುರು ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಮುಂದಿನ ಸಲ ಬಗ್ಗಿ ಬಂಪರಿನ ಕಡೆಗೂ ಕಣ್ಣು ಹಾಯಿಸಿ.

ಎಚ್‌ಎಸ್‌ಆರ್‌ಪಿ ಗಡುವಿನ ಗಡಿಬಿಡಿಯಲ್ಲಿ ನಾನೂ ಹಳೆಯ ಸ್ಕೂಟರು ತೆಗೆದುಕೊಂಡು ಹೊಸ ಪ್ಲೇಟು ಹಾಕಿಸಲು ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಬಿಚ್ಚಿದ ಪ್ಲೇಟುಗಳ ರಾಶಿ. ಪೈಂಟರ್ ಕುಂಚದಲ್ಲಿ ಬರೆದು ಕೆಳಗೆ ಸಣ್ಣದಾಗಿ ತನ್ನ ಅಂಗಡಿಯ ಹೆಸರು ಸಹಿ ಮಾಡಿದವು, ಮೂಲೆಯಲ್ಲಿ ಸುಬ್ರಹ್ಮಣ್ಯನ ಚಿತ್ರ ಇದ್ದವು, 786ರ ಪಕ್ಕ ಚಂದ್ರ ಇದ್ದವು, ಶಿಲುಬೆ ಇದ್ದವು, 'ಬಾಸ್' ಎಂದು ಓದಿಸಿಕೊಂಡವು, ಕನ್ನಡದ ಅಂಕೆಯ ಒಂದೆರಡು. ಎಲ್ಲ ಒಂದರ ಮೇಲೊಂದು ಬಿದ್ದು ಮಳೆಯಲ್ಲಿ ನೆನೆಯುತ್ತಿದ್ದವು. ಮೂವತ್ತು ವರ್ಷಗಳ ನಮ್ಮ ಶೋಕಿ, ಭಕ್ತಿ, ಕೈಬರಹ ಎಲ್ಲ ಆ ರಾಶಿಯಲ್ಲಿತ್ತು. ನಂಬರಿಗೆ ಲಕ್ಷ ಕೊಡಲು ತಯಾರಿರುವ ಊರಿನಲ್ಲಿ ಆ ತಗಡಿಗೆ ಬಗ್ಗಿದವರು ಒಬ್ಬರೂ ಇರಲಿಲ್ಲ, ನಾನೂ ಸೇರಿ. ಮನೆಗೆ ಬಂದ ಮೇಲೆ ಬುದ್ಧಿ ಬಂತು. ಮರುದಿನ ಹೋದರೆ ಮೂಲೆ ಖಾಲಿ.

ದೊಡ್ಡಪ್ಪನ ಅಂಬಾಸಿಡರಿನ ಪ್ಲೇಟು ಮಾತ್ರ ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ಹಿಂದೆ ಸಿಕ್ಕಿತು. ಕಪ್ಪು ತಗಡು, ಬಿಳಿ ಅಕ್ಷರ, ಸಿಎನ್ ಎಂದು ಶುರು. ಎರಡು ಬೋಲ್ಟಿನ ತೂತಿನ ಸುತ್ತ ತುಕ್ಕು. ಹಿಂಬದಿಯಲ್ಲಿ ಸೀಮೆಸುಣ್ಣದಲ್ಲಿ ಯಾರೋ ಬರೆದ ಲೆಕ್ಕ, ಡೀಸೆಲಿನದ್ದೋ ಅಡಿಕೆಯದ್ದೋ ತಿಳಿಯದು. ಆ ಕಾರಿನಲ್ಲಿ ಮೂರು ಮದುವೆಯ ದಿಬ್ಬಣ ಹೋಗಿದೆ, ಒಂದು ಹೆರಿಗೆ ಆಸ್ಪತ್ರೆ ಮುಟ್ಟುವ ಮೊದಲೇ ಆಗಿದೆ. ಇಷ್ಟು ಹೇಳುವವರು ಈಗ ಮನೆಯಲ್ಲಿ ಉಳಿದಿರುವುದು ದೊಡ್ಡಮ್ಮ ಒಬ್ಬರೇ.

ನಿಮ್ಮ ಅಟ್ಟದಲ್ಲೂ, ಹಟ್ಟಿಯ ಮೂಲೆಯಲ್ಲೂ ಇಂಥದೊಂದು ಇರಬಹುದು. ಗುಜರಿಯವ ಬಂದಾಗ ಕೊಡುವ ಮೊದಲು ಅದರ ಎರಡೂ ಬದಿಯ ಫೋಟೊ ತೆಗೆದಿಡಿ. ಗಾಡಿ ಯಾರದ್ದು, ಯಾವ ವರ್ಷದ್ದು, ಓಡಿಸುತ್ತಿದ್ದವರು ಯಾರು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು, ಆರ್‌ಸಿ ಪುಸ್ತಕ ಉಳಿದಿದ್ದರೆ ಅದರೊಳಗೆ ಇಡಿ. ಗುಜರಿಯವ ಆ ತಗಡಿಗೆ ಕೊಡುವುದು ಹೆಚ್ಚೆಂದರೆ ಒಂದು ಚಾದ ಕಾಸು.